ಕಸ್ತೂರೆಮ್ಮ ನೀರು ಕುಡಿದ ಮನೆ

ನಮ್ಮ ಅತ್ತೆ ಕಸ್ತೂರೆಮ್ಮ ಯಾರ ಮನೆಗೆ ಹೋದರೂ ಮೊದಲು ನೀರು ಕೇಳುತ್ತಾರೆ. ಕೊಟ್ಟ ಮೇಲೆ ಕುಡಿಯುವುದಿಲ್ಲ, ಲೋಟ ಕೈಯಲ್ಲಿ ಹಿಡಿದುಕೊಂಡು ಮಾತಾಡುತ್ತಾ ಕೂರುತ್ತಾರೆ. ಮಸ್ಕಿಯಲ್ಲಿ ಹೆಣ್ಣು ಹೆತ್ತವರಿಗೆಲ್ಲ ಈ ಲೋಟದ ಸಂಗತಿ ಗೊತ್ತು. ನಮ್ಮ ಮಂದಿಯಲ್ಲಿ ಮಗಳನ್ನು ಕೊಡುವ ಮುಂಚೆ ಹಿರಿಯರು ಗಂಡಿನ ಮನೆ ನೋಡಲು ಹೋಗುತ್ತಾರೆ. ಒಪ್ಪಿಗೆಯಾಗುವ ತನಕ ಆ ಮನೆಯ ನೀರು ಸಹ ಮುಟ್ಟುವುದಿಲ್ಲ. ಹಾಗೆ ಹೊರಟವರು ಅತ್ತೆಯನ್ನು ಗಾಡಿಯಲ್ಲಿ ಕೂರಿಸಿಕೊಂಡೇ ಹೊರಡುತ್ತಾರೆ. ಅತ್ತೆ ನೀರು ಕುಡಿದರೆ ಸಂಬಂಧ ಕುದುರಿತು. ಲೋಟ ಕೆಳಗಿಟ್ಟರೆ ಗಾಡಿ ತಿರುಗಿಸಬೇಕು.

ಗಂಡಸರು ಹೊಲ ಎಷ್ಟು, ಕಾಲುವೆ ನೀರು ಬರುತ್ತದೋ ಇಲ್ಲವೋ ಅಂತ ಕೇಳುತ್ತಿರುವಾಗ ಅತ್ತೆ ಕಾಲು ತೊಳೆಯುವ ನೆಪ ಹೇಳಿ ಬಚ್ಚಲಿಗೆ ಹೋಗಿ ಒಳಗಿನ ಚಿಲಕ ಹಾಕಿ ನೋಡುತ್ತಾರೆ. ಆಮೇಲೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಆ ಮನೆಯ ಹಿರಿ ಸೊಸೆಯನ್ನು ಒಂದೇ ಪ್ರಶ್ನೆ ಕೇಳುತ್ತಾರೆ: "ತವರಮನಿಗೆ ಯಾವಾಗ ಹೋಗಿದ್ದಿ ತಂಗಿ?" ಸೊಸೆ ಏನು ಹೇಳಿದಳು ಅನ್ನುವುದು ಅವರಿಗೆ ಬೇಕಿಲ್ಲ. ಹೇಳುವ ಮುಂಚೆ ಆಕೆ ತನ್ನ ಅತ್ತೆಯ ಮುಖ ನೋಡಿದಳೋ ಇಲ್ಲವೋ, ಅಷ್ಟೇ. ನೋಡಿದಳೆಂದರೆ ಲೋಟ ಕೆಳಗೆ.

ನಾನು ಶೈಲಜಾ, ಇವರ ಸೊಸೆ. ಮಸ್ಕಿಯ ಸಹಕಾರಿ ಬ್ಯಾಂಕಿನಲ್ಲಿ ಕೆಲಸ. ನಮ್ಮವ್ವ ಈ ಮನೆ ನೋಡಲು ಬಂದಾಗ ಅತ್ತೆಯೇ ಆಕೆಯನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ, "ಚಿಲಕ ಮುರದೈತ್ರೀ, ಮದುವಿ ಒಳಗ ಹಾಕಸ್ತೀವಿ" ಅಂದಿದ್ದರಂತೆ. ಆ ಒಂದು ಮಾತಿಗೆ ನಮ್ಮವ್ವ ಗಟಗಟ ನೀರು ಕುಡಿದು ಬಂದಿದ್ದಳು. ಮಗಳನ್ನು ಕೊಟ್ಟಿದ್ದು ಗಂಡನಿಗಲ್ಲ, ಒಂದು ಚಿಲಕಕ್ಕೆ ಅಂತ ನಾನು ಈಗಲೂ ಕಾಡಿಸುತ್ತಿರುತ್ತೇನೆ. ಅತ್ತೆ ನಗುತ್ತಾರೆ. ನಗುವಾಗ ಸೆರಗು ಬಾಯಿಗೆ ಅಡ್ಡ ಹಿಡಿಯುವುದು ಮಾತ್ರ ಬಿಟ್ಟಿಲ್ಲ.

ಇಂಥ ಅತ್ತೆ ಹೋದ ವರ್ಷ ಹೈದರಾಬಾದಿಗೆ ಮನೆ ನೋಡಲು ಹೊರಟರು. ಗಂಡಿನ ಮನೆಯಲ್ಲ, ಓದುವ ಹುಡುಗಿಗೆ ಇರಲು ಒಂದು ಜಾಗ.

ಹುಡುಗಿ ರಾಜಶ್ರೀ. ಅತ್ತೆಯ ತಮ್ಮ ಕರಿಬಸಪ್ಪ ಮಾವನ ಮಗಳು. ಮಾವನದು ಲಿಂಗಸುಗೂರಿನಲ್ಲಿ ಬೀಜ, ಗೊಬ್ಬರದ ಅಂಗಡಿ. ಹುಡುಗಿ ಪಿಯುಸಿಯಲ್ಲಿ ಚೆನ್ನಾಗಿ ಪಾಸಾಗಿ, ಹೈದರಾಬಾದಿನ ಒಂದು ಕಾಲೇಜಿನಲ್ಲಿ ಕಣ್ಣು ತಪಾಸಣೆ ಮಾಡಿ ಚಷ್ಮಾ ಕೊಡುವ ಕೋರ್ಸಿಗೆ ಸೀಟು ಹಿಡಿದಿದ್ದಳು. ಸೀಟು ಸಿಕ್ಕಿತು, ಹಾಸ್ಟೆಲ್ ಸಿಗಲಿಲ್ಲ. ಹಿಂದಿನ ವರ್ಷದವರಿಗೇ ಜಾಗ ಸಾಲದು, ಹೊರಗೆ ನೋಡಿಕೊಳ್ಳಿ ಅಂತ ಕಾಲೇಜಿನವರು ಕೈ ತೊಳೆದುಕೊಂಡರು. ಮಾವನಿಗೆ ಅಷ್ಟೇ ಸಾಕಾಯಿತು. ಸಿಂಧನೂರಿನ ಕಡೆಯಿಂದ ಒಂದು ಸಂಬಂಧ ಬಂದು ಬಾಗಿಲಲ್ಲಿ ನಿಂತಿತ್ತು, ಭತ್ತದ ಗದ್ದೆ, ರೈಸ್ ಮಿಲ್ಲು. "ಇರಾಕ ಜಾಗಾ ಇಲ್ಲಂದ್ರ ಹೆಂಗ ಕಳಸ್ಲಿ? ಇಲ್ಲೇ ಡಿಗ್ರಿ ಮಾಡ್ಲಿ, ಮುಂದ ನೋಡೂಣು" ಅಂದರು. ಆ 'ಮುಂದ ನೋಡೂಣು' ಅಂದರೆ ಏನು ಅಂತ ರಾಜಶ್ರೀಗೂ ಗೊತ್ತಿತ್ತು, ಅವಳು ಊಟ ಬಿಟ್ಟು ಕೂತಳು.

ಅತ್ತೆ ಸುದ್ದಿ ಕೇಳಿ ಮರುದಿನವೇ ಲಿಂಗಸುಗೂರಿಗೆ ಹೋದರು. ಪಡಸಾಲೆಯಲ್ಲಿ ಎಲ್ಲರ ಎದುರಿಗೆ ತಮ್ಮನನ್ನು ಕೇಳಿದರು. "ಕರಿಬಸೂ, ಚೊಲೋ ಮನಿ ಸಿಕ್ಕರ ಕಳಸ್ತೀಯಿಲ್ಲೋ?"

"ಯಾರು ನೋಡ್ತಾರಬೇ ಅಷ್ಟು ದೂರ?"

"ನಾ ನೋಡ್ತೀನಿ."

ಮಾವ ಸಿಕ್ಕಿಬಿದ್ದರು. ಊರಿನ ಎಲ್ಲ ಹೆಣ್ಣುಮಕ್ಕಳ ಮನೆ ನೋಡಿದ ಅಕ್ಕನಿಗೆ ನಿನಗೆ ಮನೆ ನೋಡಲು ಬರುವುದಿಲ್ಲ ಅನ್ನಲಾದೀತೇ? "ಆತು, ನೀ ನೀರು ಕುಡಿದ್ರ ಕಳಸ್ತೀನಿ. ಇಲ್ಲಾಂದ್ರ ಅವತ್ತ ಹೊಳ್ಳಿ ಕರಕೊಂಡು ಬರ್ತೀನಿ, ಮತ್ತ ಯಾರೂ ಸೊಲ್ಲೆತ್ತಬಾರ್ದು" ಅಂದರು.

ನಾವು ಮಾಡಿದ ತಪ್ಪು ಇಲ್ಲೇ. ಮನೆ ನೋಡುವುದೆಂದರೆ ನಮ್ಮವರಿಗೆ ಒಂದೇ ರೀತಿ ಗೊತ್ತು. ಮುದಗಲ್ಲಿನ ಶಕೀಲನ ಕ್ರೂಸರ್ ಗಾಡಿ ಹೇಳಿದ್ದಾಯಿತು. ಅತ್ತೆ, ಮಾವ, ರಾಜಶ್ರೀ, ಇಂಗ್ಲಿಷು ಬರುತ್ತದೆಂದು ನಾನು, ಹಿರಿಯರಿರಲಿ ಎಂದು ಮಾವನ ಓಣಿಯ ಇಬ್ಬರು ಯಜಮಾನರು, ಅವರು ಬಂದರೆಂದು ಅವರ ಹೆಂಡಂದಿರು. ಜೊತೆಗೆ ಒಂದು ಗಂಟು ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಮಾವ ಕುಡಿಯಲು ಲಿಂಗಸುಗೂರಿನ ನೀರಿನ ಕ್ಯಾನು. ಮಾವ ಪರಸ್ಥಳದಲ್ಲಿ ಕಂಡಕಂಡವರ ಮನೆಯ ನೀರು ಕುಡಿಯುವವರಲ್ಲ. ಅತ್ತೆ ಮಾತ್ರ ಒಂದು ಸಣ್ಣ ಚೀಲದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಒಂದು ಕುಪ್ಪಸದ ಕಣ ಇಟ್ಟುಕೊಂಡಿದ್ದರು.

"ಇದ್ಯಾಕ್ರೀ ಅತ್ತೀ?"

"ಹುಡುಗೀನ ಕಳಸಬೇಕಾದ್ರ ಉಡಿ ತುಂಬಬೇಕಿಲ್ಲೇನು?"

"ಆಕಿ ಗಂಡನ ಮನಿಗೆ ಹೊಂಟಿಲ್ರೀ, ಕಾಲೇಜಿಗೆ ಹೊಂಟಾಳ."

"ಅದಕ್ಕ ತುಂಬಾಕ ಹೊಂಟೀನಿ" ಅಂದರು. 

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಹೈದರಾಬಾದಿನಲ್ಲಿ ಹುಡುಗಿಗೊಂದು ರೂಮು ಹುಡುಕಿ ನೋಡು ಅಂತಲೂ ಸೇರಿಸಬೇಕು. ಮೊದಲನೇ ಪೀಜಿಯ ಮುಂದೆ ಕ್ರೂಸರಿನಿಂದ ನಾವು ಒಬ್ಬೊಬ್ಬರಾಗಿ ಇಳಿಯುತ್ತಿದ್ದಂತೆ ವಾಚಮನ್ ಗೇಟು ಹಾಕಿಬಿಟ್ಟ. ಧರಣಿಗೆ ಬಂದವರು ಅಂದುಕೊಂಡಿದ್ದನಂತೆ. ಎರಡನೆಯ ಕಡೆ ಮಾಲೀಕರು ನಮ್ಮನ್ನೆಲ್ಲ ಒಂದು ಸಲ ಕಣ್ಣಾಡಿಸಿ, ಒಂದು ರೂಮಿನಲ್ಲಿ ಇಷ್ಟು ಮಂದಿ ಇರಲು ಬಿಡುವುದಿಲ್ಲ ಅಂದರು. ಇರುವವಳು ಇವಳೊಬ್ಬಳೇ ಅಂತ ನಾನು ಹೇಳುತ್ತಿರುವಾಗಲೇ ಜೊತೆಗೆ ಬಂದ ಹಿರಿಯರೊಬ್ಬರು, ಗಂಡಿನ ಮನೆಯಲ್ಲಿ ಕೇಳುವ ಹಾಗೆ, "ನಿಮ್ಮ ಸೋದರಮಾವ ಯಾವ ಊರವರು?" ಅಂತ ಕನ್ನಡದಲ್ಲೇ ಕೇಳಿದರು. ಅಲ್ಲಿಗೆ ಅದೂ ಮುಗಿಯಿತು. ರಾಜಶ್ರೀ ಗಾಡಿಯ ಹಿಂದಿನ ಸೀಟಿನಲ್ಲಿ ಕೂತು ಕಣ್ಣೊರೆಸಿಕೊಂಡಳು. ಮರುದಿನ ಅವಳು ಕಾಲೇಜಿಗೆ ಸೇರಲೇಬೇಕಾದ ಕೊನೆಯ ದಿನ. ನನಗೆ ಮೈ ಉರಿದು, ಹಿರಿಯರನ್ನೆಲ್ಲ ಒಂದು ಮರದ ನೆರಳಲ್ಲಿ ರೊಟ್ಟಿ ಗಂಟಿನ ಜೊತೆ ಕೂರಿಸಿ, ನೀವು ಏಳಬಾರದು ಅಂತ ಹೇಳಿ, ನಾವು ನಾಲ್ವರೇ ಶಕೀಲನ ಗಾಡಿಯಲ್ಲಿ ಮುಂದೆ ಹೋದೆವು.

ಮೂರನೆಯದು ಮಾವನಿಗೆ ಹೇಳಿ ಮಾಡಿಸಿದಂಥ ಜಾಗ. ಮಾಲೀಕರ ಹಣೆಯಲ್ಲಿ ವಿಭೂತಿ, ಒಳಗೆ ಕಾಲಿಟ್ಟರೆ ಊದಿನಕಡ್ಡಿಯ ವಾಸನೆ, ಮೊಟ್ಟೆ ಸಹ ಒಳಗೆ ಬರುವಂತಿಲ್ಲ, ಕಲ್ಲುಹಾಸು ಮುಖ ಕಾಣುವ ಹಾಗೆ ಹೊಳೆಯುತ್ತಿತ್ತು. ಮಾಲೀಕರು ಹುಡುಗಿಯ ಹೆಸರು ಕೇಳುವ ಮುಂಚೆ ನಮ್ಮ ಜಾತಿ ಕೇಳಿದರು. ಕೇಳಿ ಸಂತೋಷಪಟ್ಟರು. ಮಾವನೂ ಸಂತೋಷಪಟ್ಟರು. ಲೋಟದಲ್ಲಿ ನೀರು ಬಂತು, ಮಾವ ಬಾಯಿಗೆ ಒಯ್ದೇಬಿಟ್ಟಿದ್ದರು. ಅತ್ತೆ ಕಣ್ಣು ಬಿಟ್ಟರು ನೋಡಿ, ಲೋಟ ಅಲ್ಲೇ ನಿಂತಿತು.

"ಹುಡುಗ್ಯಾರು ಎಲ್ಲದಾರ?" ಅತ್ತೆ ನನ್ನಿಂದ ಕೇಳಿಸಿದರು. ಎಲ್ಲರೂ ಓದುತ್ತಿದ್ದಾರೆ, ಯಾರನ್ನೂ ಎಬ್ಬಿಸುವಂತಿಲ್ಲ ಅಂದರು ಅಲ್ಲಿಯ ವಾರ್ಡನ್ ಹೆಂಗಸು. ಅತ್ತೆ ನೀರಿನ ಫಿಲ್ಟರಿನ ಪಕ್ಕದ ಕುರ್ಚಿಯಲ್ಲಿ ಕೂತೇಬಿಟ್ಟರು. "ಊರಿಗೆ ಬಂದಾಕಿ ನೀರಿಗೆ ಬರಲಾರದ ಇರ್ತಾಳೇನು? ಬರ್ಲಿ, ಕುಂದರ್ತೀನಿ" ಅಂದರು. ಬಾಟಲಿ ಹಿಡಿದು ಒಬ್ಬಳು ಬಂದೇ ಬಂದಳು, ತೆಳ್ಳಗಿನ ಹುಡುಗಿ, ನಿಜಾಮಾಬಾದಿನ ಕಡೆಯವಳು. ಅತ್ತೆಗೆ ಸಂತೆಯ ಉರ್ದು ಬರುತ್ತದೆ, ಮಸ್ಕಿಯ ಬಟ್ಟೆ ಅಂಗಡಿಗಳಲ್ಲಿ ಚೌಕಾಸಿ ಮಾಡಿ ಕಲಿತದ್ದು. ಅದರಲ್ಲೇ, ಊರಿಗೆ ಯಾವಾಗ ಹೋಗಿದ್ದಿ ಮಗಳೇ ಅಂತ ಕೇಳಿದರು.

ಹುಡುಗಿ ವಾರ್ಡನ್ನಿನ ಮುಖ ನೋಡಿದಳು. ಆಮೇಲೆ, "ಹೋದ ತಿಂಗಳು" ಅಂದಳು.

ಅತ್ತೆ ಲೋಟ ಕೆಳಗಿಟ್ಟು ಎದ್ದರು.

ಬೀದಿಗೆ ಬಂದ ಮೇಲೆ ಮಾವ ಕೂಗಾಡಿದರು. "ಅಕ್ಕಾ, ನಿನಗ ತಲಿ ಕೆಟ್ಟೈತೇನು? ಇಂಥಾ ಮಡಿ ಜಾಗಾ ಮತ್ತ ಎಲ್ಲಿ ಸಿಗತೈತಿ? ಆತು, ನಿನ್ನ ಮಾತು ನಡೀತು, ನಡೀರಿ ಊರಿಗೆ. ಶಕೀಲಾ, ಗಾಡಿ ತಿರುಗಸು." ರಾಜಶ್ರೀ, "ಅತ್ತೀ, ನಾ ಇಲ್ಲೇ ಇರ್ತೀನಿ, ಹೆಂಗರ ಇರ್ತೀನಿ, ನೀರು ಕುಡದ್ಬಿಡು" ಅಂತ ಅತ್ತೆಯ ಕೈ ಹಿಡಿದುಕೊಂಡಳು. ನನಗೂ ಅತ್ತೆಯ ಮೇಲೆ ಸಿಟ್ಟೇ ಬಂತು. ಒಂದು ಹುಡುಗಿ ಯಾರ ಮುಖವನ್ನೋ ನೋಡಿದಳು ಅಂತ ಇನ್ನೊಂದು ಹುಡುಗಿಯ ಓದು ಬಿಡಿಸುವುದೇ?

ಅಷ್ಟರಲ್ಲಿ ಚಪ್ಪಲಿ ಸಹ ಇಲ್ಲದೆ ಆ ನಿಜಾಮಾಬಾದಿನ ಹುಡುಗಿ ಓಡಿ ಬಂದಳು. "ಅಮ್ಮಾ, ಇಲ್ಲಿ ಬೇಡ. ಊರಿಂದ ಫೋನ್ ಬಂದರೂ ಅವರ ಎದುರಿಗೇ ಮಾತಾಡಬೇಕು. ಹೋದ ತಿಂಗಳು ನಾನು ಊರಿಗೆ ಹೋಗಿಲ್ಲ, ಬಿಡಲಿಲ್ಲ. ಎರಡು ಗಲ್ಲಿ ದಾಟಿದರೆ ಹಸಿರು ಗೇಟಿನ ಮನೆ, ಚಾಂದ್‌ಬೀ ಅಂತ. ನನ್ನ ಗೆಳತಿ ಅಲ್ಲಿದ್ದಾಳೆ. ನನಗೂ ಜಾಗ ಆದ ಕೂಡಲೇ ಹೋಗುತ್ತೇನೆ" ಅಂತ ಒಂದೇ ಉಸಿರಿಗೆ ಹೇಳಿ ಹಿಂತಿರುಗಿ ಓಡಿದಳು. ಮಾವ ಹೆಸರು ಕೇಳಿಯೇ ಮುಖ ತಿರುಗಿಸಿದರು. ಅತ್ತೆ ಆಗಲೇ ನಡೆಯತೊಡಗಿದ್ದರು.

ಹಸಿರು ಗೇಟಿನ ಮನೆಯಲ್ಲಿ ಕಲ್ಲುಹಾಸು ಹೊಳೆಯುತ್ತಿರಲಿಲ್ಲ. ಮೆಟ್ಟಿಲ ಕೆಳಗೆ ಚಪ್ಪಲಿಗಳ ರಾಶಿ, ಅಂಗಳದ ತಂತಿಯ ಮೇಲೆ ಬಟ್ಟೆ. ಮೇಲಿನಿಂದ ಯಾರೋ ಹುಡುಗಿಯರು ನಗುವ ಸದ್ದು ಬರುತ್ತಿತ್ತು. ಚಾಂದ್‌ಬೀ ಅತ್ತೆಯಷ್ಟೇ ವಯಸ್ಸಿನವರು, ಮೂಗಿನ ಮೇಲೆ ದಪ್ಪ ಚಷ್ಮಾ, ಬಾಯಲ್ಲಿ ಎಲೆಅಡಿಕೆ. ಅವರ ಹೈದರಾಬಾದಿ ಉರ್ದುವಿಗೂ ನಮ್ಮತ್ತೆಯ ಸಂತೆ ಉರ್ದುವಿಗೂ ಅಕ್ಕತಂಗಿಯರ ಸಂಬಂಧ, ಹಾಗಾಗಿ ನಡುವೆ ನಾನು ಬೇಕಾಗಲಿಲ್ಲ. ಮೇಲೆ ಹುಡುಗಿಯರಿಗೆ ಬೇರೆ ಅಡುಗೆಮನೆ, ಬರೀ ಕಾಯಿಪಲ್ಯೆ ತಿನ್ನುವವರಿಗೆ ಬೇರೆ ಒಲೆ, ಬೇರೆ ಪಾತ್ರೆ ಇತ್ತು. ಅತ್ತೆ ಬಚ್ಚಲಿಗೆ ಹೋದರು, ಚಿಲಕ ಬಿದ್ದ ಸದ್ದು ನಮಗೆ ಕೆಳಗೆ ಕೇಳಿಸಿತು. ಬಂದು ನೀರು ಕೇಳಿದರು, ಲೋಟ ಹಿಡಿದು ಕೂತರು. ಮಾವ ಮಾತ್ರ ಶಕೀಲನಿಂದ ಗಾಡಿಯಲ್ಲಿದ್ದ ಕ್ಯಾನು ತರಿಸಿ ಅದರ ನೀರು ಕುಡಿದರು.

ಮೆಟ್ಟಿಲಿಳಿದು ಬಂದವಳು ಮಣಿಪುರದ ಹುಡುಗಿ, ಪುಟ್ಟ ಕಣ್ಣು, ಕೈಯಲ್ಲಿ ಅರ್ಧ ಹೆಚ್ಚಿದ ಸೌತೆಕಾಯಿ. ಅತ್ತೆ ಅದೇ ಪ್ರಶ್ನೆ ಕೇಳಿದರು. ಹುಡುಗಿ ಯಾರ ಮುಖವನ್ನೂ ನೋಡಲಿಲ್ಲ. "ಈ ಸಲದ ರಜೆಯಲ್ಲಿ ಹೋಗಿ ಬಂದೆ. ಈ ನಾನಿ, ಅಜ್ಜಿ, ಸ್ಟೇಷನ್ನಿಗೆ ಬಂದಿದ್ದರು. ಆಟೋದವನ ಜೊತೆ ಇವರು ಮಾಡಿದ ಜಗಳಕ್ಕೆ ನನ್ನ ರೈಲು ತಪ್ಪುವುದಿತ್ತು" ಅಂತ ಮುರುಕು ಹಿಂದಿಯಲ್ಲಿ ಹೇಳಿ ನಕ್ಕಳು. ಚಾಂದ್‌ಬೀ ಅವಳ ಬೆನ್ನಿಗೊಂದು ಹುಸಿ ಏಟು ಕೊಟ್ಟರು.

ಅತ್ತೆ ನೀರು ಕುಡಿದರು. ಒಂದು ಗುಟುಕಲ್ಲ, ಲೋಟ ಖಾಲಿಯಾಗುವ ತನಕ.

"ಅಕ್ಕಾ!" ಅಂದರು ಮಾವ. ಅವರ ಮುಖ ನೋಡುವಂತಿರಲಿಲ್ಲ. "ನಾಳಿ ಮಂದಿ ಕೇಳಿದ್ರ ಏನು ಹೇಳ್ಲಿ? ಮಂದಿ ಏನಂತಾರ?"

ಅತ್ತೆ ಲೋಟ ಕೆಳಗಿಡಲಿಲ್ಲ. ಬಹಳ ಮೆತ್ತಗೆ ಹೇಳಿದರು. "ಕರಿಬಸೂ, ನಾ ಏಳನೇತ್ತ ಪಾಸಾದಾಗ ನೀ ಇನ್ನಾ ಸಣ್ಣಾವಿದ್ದಿ. ಆಗ ನಾವು ಹಳ್ಳ್ಯಾಗ ಇದ್ವಿ, ಹೈಸ್ಕೂಲಿಗೆ ಹೋಗಬೇಕಂದ್ರ ಲಿಂಗಸುಗೂರಾಗ ಇರಬೇಕಾಗಿತ್ತು. ಅಪ್ಪ ಬಂಡಿ ಕಟಗೊಂಡು ಹೋಗಿ ಒಂದ ಮನಿ ನೋಡಿ ಬಂದ. ಚೊಲೋ ಮಂದಿನ ಅದಾರವ್ವಾ, ಆದ್ರ ಊರ ಮಂದಿ ಏನಂತಾರ ಅಂದ. ಮುಗೀತು. ಅದು ಯಾವ ಮಂದಿ ಅಂತ ಇವತ್ತಿಗೂ ನನಗ ತಿಳಿದಿಲ್ಲ. ಊರಾಗಿನ ಎಲ್ಲಾರ ಮನಿಗೂ ಹೋಗಿ ಬಂದೀನಿ, ಒಬ್ರೂ ಸಿಕ್ಕಿಲ್ಲ."

ನಾನು ಸೊಸೆಯಾಗಿ ಬಂದು ಇಷ್ಟು ವರ್ಷವಾದರೂ ಅತ್ತೆ ಓದಬೇಕೆಂದಿದ್ದರು ಅಂತ ನನಗೆ ಗೊತ್ತಿರಲಿಲ್ಲ. ಕೇಳಿಯೂ ಇರಲಿಲ್ಲ. ನನಗೆ ಅಳು ಬಂತು.

 ಮಾವ ಕೊಟ್ಟ ಮಾತು ಅವರ ಕುತ್ತಿಗೆಗೇ ಬಂದಿತ್ತು. "ಆತು, ಇರ್ಲಿ" ಅಂತ ನೆಲ ನೋಡಿಕೊಂಡು ಅಂದರು. ಕೆಲಸ ಆಯಿತೆಂದು ನಾನು ಉಸಿರು ಬಿಟ್ಟೆ. ಆಗ ಚಾಂದ್‌ಬೀ ಎಲೆಅಡಿಕೆ ಉಗುಳಿ ಬಂದು, "ಠಹರೋ, ನಿಲ್ಲಿ. ನೀವು ಮನೆ ನೋಡಿದಿರಿ. ನಾನಿನ್ನೂ ನೋಡಿಲ್ಲ" ಅಂದರು.

ಅವರ ಬೆರಳು ಮಾವನ ಕಡೆ ತಿರುಗಿತು.

"ಈ ಅಣ್ಣ ನಮ್ಮ ಮನೆಯ ನೀರು ಕುಡಿಯುವುದಿಲ್ಲ ಅಂತ ನಾನು ಆಗಲೇ ಕಂಡೆ. ಕ್ಯಾನು ತಂದಿದ್ದಾರೆ. ಅವರ ಧರ್ಮ ಅವರಿಗೆ, ನನಗೇನೂ ಸಿಟ್ಟಿಲ್ಲ. ಆದರೆ ಅಪ್ಪ ಕುಡಿಯದ ನೀರನ್ನು ಮಗಳು ದಿನಾ ಕುಡಿಯಬೇಕು. ಹಬ್ಬದ ದಿನ ಮೇಲೆ ಹುಡುಗಿಯರೆಲ್ಲ ಕೂಡಿ ಸೇವಯ್ಯಾ ಪಾಯಸ ತಿನ್ನುವಾಗ ಫೋನಿನಲ್ಲಿ ಅಪ್ಪನಿಗೆ ಸುಳ್ಳು ಹೇಳಬೇಕು. ಒಂದು ಸುಳ್ಳು ಬಂದರೆ ಹತ್ತು ಬರುತ್ತವೆ. ನನ್ನ ಮನೆಯಲ್ಲಿ ಸುಳ್ಳು ಹೇಳುವ ಹುಡುಗಿ ನಕ್ಕೋ, ಬೇಡವೇ ಬೇಡ. ಅಣ್ಣ ನೀರು ಕುಡಿದರೆ ರೂಮು ಕೊಡುತ್ತೇನೆ."

ಇಷ್ಟು ವರ್ಷ ಮಂದಿಯ ಮನೆ ನೋಡಿ ಲೋಟ ಕೆಳಗಿಟ್ಟ ನಮ್ಮತ್ತೆಗೆ ಮೊದಲ ಸಲ ಸರಿಜೋಡಿ ಸಿಕ್ಕಿದ್ದರು. ಅತ್ತೆಯ ಕಣ್ಣಲ್ಲಿ ಸಿಟ್ಟಿರಲಿಲ್ಲ, ಒಂಥರಾ ಮೆಚ್ಚಿಗೆ ಇತ್ತು. ಚಾಂದ್‌ಬೀ ಇನ್ನೊಂದು ಲೋಟ ತಂದು ಮಾವನ ಮುಂದಿನ ಸ್ಟೂಲಿನ ಮೇಲೆ ಇಟ್ಟರು. ಮಾವನ ಕೈ ತಾನಾಗಿಯೇ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಯಿತು. ರಾಜಶ್ರೀ ಮೆಟ್ಟಿಲ ಕಂಬಿ ಹಿಡಿದು ನಿಂತಿದ್ದಳು. ಕುಡಿ ಅಂತ ಹೇಳಲಿಲ್ಲ, ಬೇಡಲೂ ಇಲ್ಲ. ಅಪ್ಪನನ್ನೇ ನೋಡುತ್ತಿದ್ದಳು.

ಅತ್ತೆ ಕೆಮ್ಮಿದರು. "ಕರಿಬಸೂ, ಲಿಂಗಸುಗೂರು ಬಸ್‌ಸ್ಟ್ಯಾಂಡಿನಾಗ ಇಸ್ಮಾಯಿಲ್‌ಸಾಬನ ಹೋಟೆಲಿನ್ಯಾಗ ದಿನಾ ಮುಂಜಾನಿ ಏನು ಕುಡಿತೀಯೋ?"

"...ಚಾ."

"ಚಾದಾಗ ನೀರು ಇರಂಗಿಲ್ಲೇನು?"

ಶಕೀಲ ಬಾಗಿಲಾಚೆ ನಿಂತಿದ್ದವನು ಕಿಸಕ್ಕನೆ ನಕ್ಕು, ತಟ್ಟನೆ ಕೆಮ್ಮಿದ ಹಾಗೆ ಮಾಡಿದ. ಮಾವ ಅವನ ಕಡೆ ದುರುಗುಟ್ಟಿ ನೋಡಿದರು. ಆಮೇಲೆ ಅವರ ಮೀಸೆಯೇ ಅಲುಗತೊಡಗಿತು. "ಅದು ಕುದ್ದಿರತೈತಿಲ್ಲಬೇ" ಅಂತ ಅಂದರು, ಅಂದು ತಾವೇ ನಕ್ಕರು. ನಗುತ್ತಲೇ ಲೋಟ ಎತ್ತಿ, ಕಣ್ಣು ಮುಚ್ಚಿ ಶಿವಶಿವಾ ಅಂದು ಕುಡಿದರು. ಕುಡಿದು ಕಣ್ಣು ತೆರೆದಾಗ ಕಣ್ಣಲ್ಲೂ ನೀರಿತ್ತು. "ಸಿಹಿ ಐತಲ್ಲಬೇ ಅಕ್ಕಾ" ಅಂದರು. ರಾಜಶ್ರೀ ಮೆಟ್ಟಿಲ ಮೇಲೆ ಕುಸಿದು ಕೂತು ಮಂಡಿಯಲ್ಲಿ ಮುಖ ಇಟ್ಟುಕೊಂಡು ಅತ್ತುಬಿಟ್ಟಳು. ಮಣಿಪುರದ ಹುಡುಗಿ ಏನೂ ತಿಳಿಯದೆ ಅವಳಿಗೆ ಸೌತೆಕಾಯಿ ಕೊಟ್ಟಳು.

ಮರದ ಕೆಳಗಿನ ಹಿರಿಯರನ್ನು ಕರೆತಂದು, ರೊಟ್ಟಿ ಗಂಟು ಅಲ್ಲೇ ಬಿಚ್ಚಿದೆವು. ಚಾಂದ್‌ಬೀಗೆ ಶೇಂಗಾ ಚಟ್ನಿ ಎಷ್ಟು ಹಿಡಿಸಿತೆಂದರೆ ಡಬ್ಬಿಯನ್ನೇ ಒಳಗೆ ಒಯ್ದು ಇಟ್ಟರು. ಮರುದಿನ ಹುಡುಗಿಯನ್ನು ಕಾಲೇಜಿಗೆ ಸೇರಿಸಿ, ಹಾಸಿಗೆ, ಬಕೆಟ್ಟು ಎಲ್ಲ ರೂಮಿಗೆ ಸಾಗಿಸಿ, ಅದರ ಮಾರನೆಯ ಬೆಳಿಗ್ಗೆ ಹೊರಡುವ ಹೊತ್ತಾಯಿತು. ಚಾಂದ್‌ಬೀ ರೂಮಿನ ಎರಡು ಕೀಲಿಕೈ ತಂದು ಅತ್ತೆಯ ಕೈಯಲ್ಲಿಟ್ಟರು.

"ಒಂದು ನಿಮ್ಮ ಹತ್ತಿರ ಇರುವುದಿಲ್ಲವೇ?" ಅಂತ ಅತ್ತೆ ಕೇಳಿದರು.

"ರೂಮು ಆಕೆಯದು. ನನಗ್ಯಾಕೆ?" ಅಂದರು ಚಾಂದ್‌ಬೀ.

ಅತ್ತೆ ಆ ಕೀಲಿಕೈಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಆಮೇಲೆ ರಾಜಶ್ರೀಯನ್ನು ಹೊಸ ಹಾಸಿಗೆಯ ಮೇಲೆ ಕೂರಿಸಿ, ದುಪಟ್ಟಾ ಹರವಿಸಿ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಕುಪ್ಪಸದ ಕಣ ಹಾಕಿದರು. ಎಲ್ಲದರ ಮೇಲೆ ಎರಡೂ ಕೀಲಿಕೈ ಇಟ್ಟರು.

"ಭಾಳ ಮಂದಿ ಹುಡುಗ್ಯಾರಿಗೆ ಮನಿ ನೋಡಿಕೊಟ್ಟೀನವ್ವಾ. ಭಾಳ ಮಂದಿಗೆ ಉಡಿ ತುಂಬೀನಿ. ಯಾವ ಹುಡುಗಿ ಉಡಿಯಾಗೂ ಕೀಲಿಕೈ ಹಾಕಿದ್ದಿಲ್ಲ" ಅಂದರು.

ರಾಜಶ್ರೀ ಉಡಿಯಿಂದ ಒಂದು ಕೀಲಿಕೈ ತೆಗೆದು ಅತ್ತೆಯ ಸೆರಗಿನ ತುದಿಗೆ ಗಂಟು ಹಾಕಿದಳು. "ಇದು ನಿಂದು. ನೀ ಯಾವಾಗ ಬಂದ್ರೂ ಬಾಗಲಾ ತಗದು ಒಳಗ ಬಾ, ನಾ ಕಾಲೇಜಿಗೆ ಹೋಗಿದ್ರೂ."

ದಾರಿಯುದ್ದಕ್ಕೂ ಗಾಡಿಯಲ್ಲಿ ಹಿರಿಯರೆಲ್ಲ ಚಾಂದ್‌ಬೀಯ ಸೋದರಮಾವ ಯಾವ ಊರವರಿರಬಹುದು ಅಂತ ಚರ್ಚೆ ಮಾಡಿದರು.  ಹೊತ್ತು ಇಳಿಯುವ ಮುಂಚೆ ಲಿಂಗಸುಗೂರು ಬಂತು. ಮಾವನನ್ನು ಇಳಿಸಲು ಹಳೆ ಊರಿನ ಓಣಿಗೆ ತಿರುಗಿದಾಗ ಅತ್ತೆ ಶಕೀಲನ ಹೆಗಲು ಮುಟ್ಟಿ ಗಾಡಿ ನಿಲ್ಲಿಸಿದರು. ಎದುರಿಗೆ ಒಂದು ಕಲ್ಲಿನ ಮನೆ. ಮುಂದಿನ ಕೋಣೆಯಲ್ಲಿ ಈಗ ಜೆರಾಕ್ಸ್ ಅಂಗಡಿ, ಹಿಂದೆ ಬೇವಿನ ಮರ.

"ಅಪ್ಪ ನೋಡಿದ್ದು ಇದ ಮನಿ" ಅಂದರು.

ಅವರು ಇಳಿದು ಅಂಗಡಿಯವರನ್ನು ನೀರು ಕೇಳಿದರು. ಒಳಗಿನಿಂದ ಒಬ್ಬ ಹೆಣ್ಣುಮಗಳು ತಂಬಿಗೆ, ಲೋಟ ತಂದಳು. ಅತ್ತೆ ಲೋಟ ಹಿಡಿದು, ಅವಳ ಹಿಂದೆ ಕಾಣುತ್ತಿದ್ದ ನಡುಮನೆಯನ್ನು, ಅದರಾಚೆಗಿನ ಹಿತ್ತಿಲನ್ನು ನಿಂತಲ್ಲಿಂದಲೇ ಒಂದು ಸಲ ನೋಡಿದರು. ಏನೂ ಕೇಳಲಿಲ್ಲ. ಇನ್ನೊಂದು ಕೈ ಸೆರಗಿನ ಗಂಟನ್ನು ಹಿಡಿದಿತ್ತು. ಆಮೇಲೆ ನೀರು ಕುಡಿದರು.

"ಚೊಲೋ ಮನಿನ ಇತ್ತಲ್ಲೋ ಕರಿಬಸೂ" ಅಂದು ಬಂದು ಗಾಡಿಯಲ್ಲಿ ಕೂತರು.